ಓಟದ ಕಾರಿನ ಬಿಸಿಯೂ ಬಾಲದ ಫ್ಯಾನೂ

ಪಂದ್ಯದ ಕಾರೆಂದರೆ ನಮಗೆ ಮೊದಲು ನೆನಪಾಗುವುದು ವೇಗ. ಆದರೆ ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಚಕ್ರಕ್ಕೆ ಸಲ್ಲುವುದು ಸುಮಾರು ಮೂರರಲ್ಲೊಂದು ಪಾಲು ಮಾತ್ರ. ಉಳಿದುದೆಲ್ಲ ಬಿಸಿ. ಅದರಲ್ಲಿ ಬಹಳಷ್ಟು ಹೊಗೆಯೊಡನೆ ಹೋದರೂ ಮಿಕ್ಕುದನ್ನು ನೀರು, ಎಣ್ಣೆಗಳ ಮೂಲಕ ಗಾಳಿಗೆ ದಾಟಿಸಲೇಬೇಕು.

ಮೂತಿಯಲ್ಲಿ ದೊಡ್ಡ ಬಾಯಿ ತೆರೆದರೆ ಸಾಕೆಂದು ತಿಳಿಯುವವರೇ ಹೆಚ್ಚು. ಸೆಕೆಗಾಲದಲ್ಲಿ ಕೋಣೆಗೆ ಒಂದೇ ಕಿಟಕಿಯಿದ್ದರೆ ಗಾಳಿಯಾಡದು, ಎದುರು ಗೋಡೆಯಲ್ಲೂ ಒಂದು ಬೇಕು. ಕಾರಿನಲ್ಲಿಯೂ ಹಾಗೆಯೇ. ಒಳಗೆ ಹೊಕ್ಕ ಗಾಳಿಗೆ ಹೊರದಾರಿ ಇಲ್ಲವಾದರೆ ಒತ್ತಡ ಅಲ್ಲೇ ಕಟ್ಟಿಕೊಳ್ಳುತ್ತದೆ. ಎದುರಿನಿಂದ ಬರುವ ಗಾಳಿ ರೇಡಿಯೇಟರನ್ನು ಹಾಯದೆ ಬದಿಯಿಂದ ಜಾರಿಹೋಗುತ್ತದೆ. ರೇಡಿಯೇಟರಿನ ಸುತ್ತಣ ಸಂದುಗಳನ್ನು ಮುಚ್ಚಿ, ಅದರ ಹಿಂದಿನ ಗಾಳಿಯನ್ನು ಒತ್ತಡ ಕಡಿಮೆಯಿರುವ ಜಾಗಕ್ಕೆ ಬಿಟ್ಟರೆ ಚಿಕ್ಕ ಬಾಯಿಯಲ್ಲೂ ಕೆಲಸ ನಡೆಯುತ್ತದೆ.

ಈ ಮಾತಿಗೆ 1978ರ ಬ್ರಾಬಮ್ ಬಿಟಿ 46 ಕಾರಿಗಿಂತ ಒಳ್ಳೆಯ ನಿದರ್ಶನ ನಮಗೆ ಕಾಣದು. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಗೋರ್ಡನ್ ಮರ್ರೆ ಅದರ ವಿನ್ಯಾಸಗಾರರು. ರೇಡಿಯೇಟರೇ ಗಾಳಿಗೆ ಅಡ್ಡ ನಿಲ್ಲುತ್ತದಲ್ಲ, ಅದನ್ನೇ ತೆಗೆದರೇನು ಎಂದು ಅವರು ಯೋಚಿಸಿದರು. ಕಾರಿನ ಮೈಗೇ ಚಪ್ಪಟೆ ತಗಡುಗಳನ್ನು ಹೊಂದಿಸಿ ಅವುಗಳೊಳಗೆ ನೀರು, ಎಣ್ಣೆ ಹರಿಸಿದರು. ನೋಡಲು ಬಲು ಸೊಗಸು. ಆದರೆ ಮೈಗೆ ಅಂಟಿಕೊಂಡು ಸಾಗುವ ಗಾಳಿಯ ಪದರ ನಿಧಾನವಾದುದು. ರೇಡಿಯೇಟರಿನ ಸಣ್ಣ ಸಣ್ಣ ರೆಕ್ಕೆಗಳ ನಡುವೆ ನುಗ್ಗುವ ಗಾಳಿಯಂತೆ ಅದು ಬಿಸಿಯನ್ನು ಎಳೆದೊಯ್ಯದು. ಕಾರು ಕಾದುಹೋಯಿತು. ಕೊನೆಗೆ ರೂಢಿಯ ರೇಡಿಯೇಟರುಗಳನ್ನೇ ಮೂತಿಗೆ ಕೂಡಿಸಬೇಕಾಯಿತು.

ಅಷ್ಟರಲ್ಲಿ ಲೋಟಸ್ 79 ಬಂದು ಎಲ್ಲರ ನಿದ್ದೆ ಕೆಡಿಸಿತು. ಕಾರಿನಡಿಯ ಗಾಳಿಯ ಒತ್ತಡವನ್ನು ತಗ್ಗಿಸಿ ಕಾರನ್ನು ನೆಲಕ್ಕೆ ಒತ್ತಿಹಿಡಿಯುವ ಉಪಾಯ ಅದರದು. ಬ್ರಾಬಮ್‌ನಲ್ಲಿದ್ದ ಆಲ್ಫಾ ರೋಮಿಯೋ ಇಂಜಿನಿನ 12 ಸಿಲಿಂಡರುಗಳು ಎರಡು ಬದಿಗೂ ಮಲಗಿಕೊಂಡು, ಆ ಗಾಳಿ ಹರಿಯಬೇಕಾದ ಜಾಗವನ್ನೇ ಆಕ್ರಮಿಸಿದ್ದುವು. ಮರ್ರೆಯವರು ಇಂಜಿನಿನ ಮೇಲೆ ರೇಡಿಯೇಟರನ್ನು ಅಡ್ಡಲಾಗಿ ಮಲಗಿಸಿದರು, ಬಾಲದಲ್ಲಿ ದೊಡ್ಡದೊಂದು ಫ್ಯಾನನ್ನು ಇಟ್ಟು ಗಿಯರ್ ಪೆಟ್ಟಿಗೆಯಿಂದ ತಿರುಗಿಸಿದರು. ಗಾಳಿಯನ್ನು ಮುಂದಿನಿಂದ ನೂಕುವ ಬದಲು ಹಿಂದಿನಿಂದ ಎಳೆಯುವ ವ್ಯವಸ್ಥೆ ಇದು. ಕಾರಿನಡಿಯ ಗಾಳಿಯನ್ನೂ ಅದೇ ಫ್ಯಾನು ಹೀರಿದ್ದರಿಂದ ಕಾರು ನೆಲ ಕಚ್ಚಿಕೊಂಡಿತು.

ಗಾಳಿಯ ಒತ್ತಡಕ್ಕಾಗಿ ಚಲಿಸುವ ಸಾಧನ ಇಡಬಾರದೆಂದು ನಿಯಮವಿತ್ತು. ಬ್ರಾಬಮ್‌ನವರ ವಾದವೆಂದರೆ, ಫ್ಯಾನು ಎಳೆಯುವ ಗಾಳಿಯಲ್ಲಿ ಅರ್ಧಕ್ಕೂ ಮಿಕ್ಕಿ ರೇಡಿಯೇಟರಿನ ಮೂಲಕವೇ ಹಾಯುತ್ತದೆ, ಆದುದರಿಂದ ಅದರ ಮುಖ್ಯ ಉದ್ದೇಶ ತಂಪು. ಲೆಕ್ಕ ಸುಳ್ಳಲ್ಲ. ಆದರೆ ತಂಪಿಗಾಗಿಯೇ ಆ ಫ್ಯಾನು ಹುಟ್ಟಿತೆಂದು ನಂಬಲು ನಾವು ಸಿದ್ಧರಿಲ್ಲ. ನಂಬಿದ ಎದುರಾಳಿಗಳೂ ಇರಲಿಲ್ಲ. ಫ್ಯಾನು ಹಿಂದಿನವರ ಮುಖಕ್ಕೆ ಧೂಳು, ಕಲ್ಲು ಎರಚುತ್ತದೆಂಬ ದೂರೂ ಬಂತು.

1978ರ ಜೂನ್ 17ರಂದು ಸ್ವೀಡನ್ನಿನ ಆಂಡರ್‌ಸ್ಟಾರ್ಪ್‌ನಲ್ಲಿ ಓಟ. ನಡುವೆ ಒಂದು ಕಾರಿನ ಎಣ್ಣೆ ಹಾದಿಗೆ ಚೆಲ್ಲಿ ಉಳಿದವರೆಲ್ಲ ಜಾರುತ್ತಿದ್ದಾಗ ನಿಕಿ ಲೌಡಾ ಅದರ ಮೇಲೆಯೇ ನಿರಾತಂಕವಾಗಿ ಸಾಗಿ, ಅರ್ಧ ನಿಮಿಷಕ್ಕೂ ಹೆಚ್ಚು ಅಂತರದಿಂದ ಗೆದ್ದರು. ಗೆಲುವನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಆದರೆ ಫ್ಯಾನಿನ ಕಾರು ಮುಂದೆ ಯಾವ ವಿಶ್ವ ಚಾಂಪಿಯನ್‌ಶಿಪ್ ಪಂದ್ಯದಲ್ಲೂ ಓಡಲಿಲ್ಲ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಇಟಲಿಯ ಮೊಂಜಾದಲ್ಲಿ ಲೌಡಾ ಮತ್ತೆ ಗೆದ್ದರು. ಮುಂದೆ ಗುರಿ ಮುಟ್ಟಿದ ಇಬ್ಬರಿಗೆ ಆರಂಭದ ತಪ್ಪಿಗಾಗಿ ಒಂದೊಂದು ನಿಮಿಷದ ದಂಡ ಬಿದ್ದುದರಿಂದ ದೊರೆತ ಗೆಲುವು ಅದು. ಅಂದು ಅವರ ಬ್ರಾಬಮ್‌ನ ರೇಡಿಯೇಟರುಗಳು ಮೂತಿಯಲ್ಲಿದ್ದುವು.