ಬಿರುಕಿಲ್ಲದ ಬೋಗುಣಿ

ತೈಪೆಯ ನ್ಯಾಷನಲ್ ಪ್ಯಾಲೇಸ್ ಮ್ಯೂಸಿಯಂನಲ್ಲಿ ನಾರ್ಸಿಸಸ್ ಗಡ್ಡೆ ಬೆಳೆಸುವುದಕ್ಕೆಂದು ಹೆಸರಾದ ಒಂದು ಬೋಗುಣಿಯಿದೆ. ಮೊಟ್ಟೆಯಾಕಾರದ ಬಾಯಿ, ನಾಲ್ಕು ಗಿಡ್ಡ ಕಾಲು, ಉದ್ದ 23 ಸೆಂಟಿಮೀಟರ್. ಹೂವಿಲ್ಲ, ಬಳ್ಳಿಯಿಲ್ಲ, ಡ್ರ್ಯಾಗನ್ ಇಲ್ಲ; ಮೈತುಂಬ ಬಣ್ಣವೊಂದೇ. ನೀಲಿ ಎನ್ನಹೋದರೆ ಹಸಿರು ಇಣುಕುತ್ತದೆ, ಹಸಿರೆಂದರೆ ನೀಲಿ. ಮಳೆ ಹೊಯ್ದು ನಿಂತ ಮೇಲಿನ ಬಾನು ಎಂದು ಚೀನೀಯರು ಕರೆಯುವ ಬಣ್ಣವಿದು. ಲೇಪ ತೆಳುವಾದ ಅಂಚಿನಲ್ಲಷ್ಟೇ ನಸುಗೆಂಪು.

ಇದು ರೂ ಪಿಂಗಾಣಿ. ಚಿತ್ರಕಾರನೂ ಲಿಪಿಕಾರನೂ ಆಗಿದ್ದ ಚಕ್ರವರ್ತಿ ಹುಯಿಝಾಂಗ್ 1100ರಲ್ಲಿ ಪಟ್ಟವೇರಿದ. ಅವನ ವಂಶವಾದ ಉತ್ತರ ಸಾಂಗ್‌ನ ಅರಮನೆಗಾಗಿ ಇಂಥವು ತಯಾರಾದದ್ದು ಆ ಸುಮಾರಿನಲ್ಲೇ. ಇಷ್ಟು ಚೆಲುವಿಗೆ ಬೇಕಾದದ್ದು ಲೇಪದಲ್ಲಿ ಚೂರೇ ಚೂರು ಕಬ್ಬಿಣ, ಮತ್ತು ಆವಿಗೆಯ ಬೆಂಕಿಗೆ ಗಾಳಿ ಸಾಲದಂತೆ ನೋಡಿಕೊಳ್ಳುವ ಕೈ. ಗಾಳಿ ಹೆಚ್ಚಾದರೆ ಬಣ್ಣ ಹಳದಿಗೆ ತಿರುಗುತ್ತದೆ. ತಳಕ್ಕೂ ಲೇಪ ಹಚ್ಚುತ್ತಿದ್ದರಿಂದ ಪಾತ್ರೆಯನ್ನು ಸಣ್ಣ ಮಣ್ಣಿನ ಮುಳ್ಳುಗಳ ಮೇಲೆ ನಿಲ್ಲಿಸಿ ಸುಡುತ್ತಿದ್ದರು. ಈ ಬೋಗುಣಿಯ ಅಡಿಯಲ್ಲಿ ಅಂಥ ಆರು ಗುರುತುಗಳಿವೆ, ಒಂದೊಂದೂ ಎಳ್ಳಿನಷ್ಟು.

ಆರುವಾಗ ಲೇಪವು ಮಣ್ಣಿಗಿಂತ ಹೆಚ್ಚು ಕುಗ್ಗುವುದರಿಂದ ರೂ ಪಾತ್ರೆಗಳ ಮೈಮೇಲೆ ಸಾಮಾನ್ಯವಾಗಿ ಬಿರುಕಿನ ಬಲೆ ಹರಡಿರುತ್ತದೆ. ಈ ಬೋಗುಣಿಯಲ್ಲಿ ಒಂದು ಗೆರೆಯೂ ಇಲ್ಲ. ಅದೃಷ್ಟವೋ ಕೌಶಲವೋ, ಮಾಡಿದ ಕುಂಬಾರನ ಹೆಸರಂತೂ ಉಳಿದಿಲ್ಲ. ಉಳಿದದ್ದು ದೊರೆಯ ಬರಹ: 18ನೆಯ ಶತಮಾನದ ಚಿಯನ್‌ಲಾಂಗ್ ಚಕ್ರವರ್ತಿ ತನ್ನ ಕವಿತೆಯನ್ನು ಇದರ ತಳದಲ್ಲಿ ಕೆತ್ತಿಸಿದ. ಎಷ್ಟೇ ಪ್ರೀತಿಯಿಂದ ಮಾಡಿಸಿದ್ದರೂ ಆ ಉಳಿಯೇಟು ನನಗೆ ನೋವೆನಿಸುತ್ತದೆ.

ಸಾಂಗ್ ಅರಸರ ರಾಜಧಾನಿ ಕೈಫೆಂಗ್ ಜುರ್ಚೆನ್ನರ ಕೈಸೇರಿ, 1127ರಲ್ಲಿ ಹುಯಿಝಾಂಗ್ ಸೆರೆಯಾಳಾಗಿ ಉತ್ತರಕ್ಕೆ ಹೋದ. ಅರಮನೆಗಾಗಿ ರೂ ಪಾತ್ರೆ ಮಾಡುವ ಕಾಲವೂ ಅಲ್ಲಿಗೆ ಮುಗಿಯಿತು. ಇಂದು ಜಗತ್ತಿನಲ್ಲಿ ಉಳಿದಿರುವ ರೂ ಪಾತ್ರೆಗಳು ನೂರಕ್ಕೂ ಕಡಿಮೆ. 2017ರಲ್ಲಿ ಹಾಂಗ್‌ಕಾಂಗ್‌ನ ಹರಾಜಿನಲ್ಲಿ ಕುಂಚ ತೊಳೆಯುವ 13 ಸೆಂಟಿಮೀಟರ್ ಅಗಲದ ರೂ ಬಟ್ಟಲೊಂದರ ಬೆಲೆ 29 ಕೋಟಿ ಹಾಂಗ್‌ಕಾಂಗ್ ಡಾಲರ್ ದಾಟಿತು.

ರೂ ಪಾತ್ರೆಗಳನ್ನು ಸುಟ್ಟ ಆವಿಗೆಗಳಿದ್ದ ಜಾಗ ಹೆನಾನ್ ಪ್ರಾಂತ್ಯದ ಚಿಂಗ್‌ಲಿಯಾಂಗ್‌ಸಿ ಹಳ್ಳಿ ಎಂದು ಗೊತ್ತಾದದ್ದು 1980ರ ದಶಕದಲ್ಲಿ. ಅಗೆದಲ್ಲಿ ರಾಶಿ ರಾಶಿ ಚೂರುಗಳು ಸಿಕ್ಕವು. ಇಡೀ ಪಾತ್ರೆ ಬಚ್ಚಿಡುವುದನ್ನು ಒಡಕು ತೋರಿಸುತ್ತದೆ: ಒಳಗೆ ಬೂದುಬಣ್ಣದ ಸಾದಾ ಮಣ್ಣು, ಅದರ ಮೇಲೆ ಲೇಪದ ಪದರ, ಪದರದೊಳಗೆ ಬೆಳಕನ್ನು ಚದುರಿಸಿ ಹೊಳಪನ್ನು ಮೆದುವಾಗಿಸುವ ಗಾಳಿಗುಳ್ಳೆಗಳು.