ಪ್ಯಾರಿಸ್ ಗಡಿಯಾರ ಕೊಟ್ಟೂರಿಗೆ ಬಂದರೆ

ಮೈಸೂರಿನ ಜಗನ್ಮೋಹನ ಅರಮನೆಯ ಕಲಾ ಗ್ಯಾಲರಿಯಲ್ಲಿ ಹಳೆಯ ಫ್ರೆಂಚ್ ಗಡಿಯಾರವೊಂದಿದೆ. ಗಂಟೆಗೊಮ್ಮೆ ಅದರಲ್ಲಿ ಪುಟಾಣಿ ಸಿಪಾಯಿಗಳ ಕವಾಯತು ನಡೆಯುತ್ತದೆ. ಫ್ರೆಂಚರದೇ ಇನ್ನೊಂದು ಬಗೆಯ ಗಡಿಯಾರದಲ್ಲಿ ಬೊಂಬೆಗಳು ಅಲುಗುವುದೇ ಇಲ್ಲ. ಅದು ಅಗ್ಗಿಷ್ಟಿಕೆಯ ಮೇಲಿನ ಹಲಗೆಗೆಂದೇ ಮಾಡಿದ, ಚಿನ್ನದ ಲೇಪವಿರುವ ಕಂಚಿನ ಗಡಿಯಾರ. ಡಯಲ್ಲಿಗೆ ಒರಗಿಕೊಂಡು ಗ್ರೀಕ್ ದೇವತೆಯೋ ವೀರನೋ ಕೂತಿರುತ್ತಾನೆ.

ಆ ಹೊಳಪಿನ ಹಿಂದೆ ವಿಷವಿತ್ತು. ಚಿನ್ನವನ್ನು ಪಾದರಸದಲ್ಲಿ ಬೆರೆಸಿ ಮುದ್ದೆ ಮಾಡಿ, ಕಂಚಿಗೆ ಬಳಿದು ಕಾಯಿಸುತ್ತಿದ್ದರು. ಪಾದರಸ ಕುದಿಯುವುದು ಸುಮಾರು 357 ಡಿಗ್ರಿ ಸೆಲ್ಸಿಯಸ್‌ಗೆ. ಅದು ಆವಿಯಾಗಿ ಹೋದರೆ ಚಿನ್ನ ಕಂಚಿಗೆ ಕಚ್ಚಿಕೊಂಡು ಉಳಿಯುತ್ತಿತ್ತು. ಆ ಆವಿ ಕುಡಿದ ಕೆಲಸಗಾರರ ನರಮಂಡಲವೇ ಹಾಳಾಗುತ್ತಿತ್ತು. 1840ರ ದಶಕದಲ್ಲಿ ವಿದ್ಯುತ್ತಿನಿಂದ ಲೇಪ ಕೊಡುವ ವಿಧಾನ ಬಂದ ಮೇಲೆ ಈ ಪದ್ಧತಿ ಹಿಂದೆ ಸರಿಯಿತು.

ಡಯಲ್ಲಿನ ಮೇಲೆ ಸಾಮಾನ್ಯವಾಗಿ ಕೀಲಿ ಕೊಡಲು ಎರಡು ತೂತುಗಳಿರುತ್ತವೆ. ಒಂದು ಮುಳ್ಳು ನಡೆಸುವ ಸ್ಪ್ರಿಂಗಿಗೆ, ಇನ್ನೊಂದು ಗಂಟೆ ಹೊಡೆಯುವ ಸ್ಪ್ರಿಂಗಿಗೆ. ಎಷ್ಟು ಪೆಟ್ಟು ಹೊಡೆಯಬೇಕೆಂಬ ಲೆಕ್ಕ ಒಂದು ಚಕ್ರದ ಅಂಚಿನ ಕಚ್ಚುಗಳಲ್ಲಿದೆ. ಕಚ್ಚುಗಳ ನಡುವಿನ ದೂರ ಹೆಚ್ಚಿದಷ್ಟೂ ಪೆಟ್ಟು ಹೆಚ್ಚು. ಹನ್ನೆರಡು ತಾಸಿಗೆ 78 ಪೆಟ್ಟು, ಅರ್ಧ ಗಂಟೆಗಳಿಗೆ ಒಂದೊಂದರಂತೆ 12, ಒಟ್ಟು 90. ಹನ್ನೆರಡೂವರೆ, ಒಂದು, ಒಂದೂವರೆ ಮೂರಕ್ಕೂ ಒಂದೇ ಪೆಟ್ಟು. ಹಾಸಿಗೆಯಲ್ಲಿ ಮಲಗಿ ಕೇಳುವವರಿಗೆ ಸಮಯ ಯಾವುದೆಂದು ತಿಳಿಯುವುದೇ ಇಲ್ಲ.

ಮುಳ್ಳಿನ ವೇಗವನ್ನು ಹಿಡಿತದಲ್ಲಿಡುವುದು ಲೋಲಕ. ಪಂಚಮಿಯ ಜೋಕಾಲಿಯಲ್ಲಿ ಹಗ್ಗ ಉದ್ದವಾದಷ್ಟೂ ತೂಗು ನಿಧಾನವಾಗುವಂತೆ, ಇಲ್ಲೂ ಉದ್ದದ್ದೇ ಆಟ. ಸುಮಾರು 25 ಸೆಂಟಿಮೀಟರ್ ಉದ್ದದ ಲೋಲಕ ಈ ಬದಿಯಿಂದ ಆ ಬದಿಗೆ ಹೋಗಲು ಅರ್ಧ ಸೆಕೆಂಡ್ ಬೇಕು. ಉದ್ದದ ಜೊತೆ ಇನ್ನೊಂದು ಸಂಗತಿಯೂ ಲೆಕ್ಕಕ್ಕೆ ಬರುತ್ತದೆ: ಆ ಜಾಗದ ಗುರುತ್ವ.

ಪ್ಯಾರಿಸ್ಸಿನಲ್ಲಿ ಕರಾರುವಾಕ್ಕಾಗಿ ನಡೆಯುವ ಈ ಗಡಿಯಾರವನ್ನು ಕೊಟ್ಟೂರಿಗೆ ತಂದಿಟ್ಟೆವೆನ್ನಿ. ಪ್ಯಾರಿಸ್ 49 ಡಿಗ್ರಿ ಅಕ್ಷಾಂಶದ ಹತ್ತಿರವಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು 15ರ ಆಸುಪಾಸಿನಲ್ಲಿವೆ. ಭೂಮಿಯ ನಡು ಉಬ್ಬಿದೆ, ಸಮಭಾಜಕದತ್ತ ಬಂದಂತೆ ತಿರುಗುವ ವೇಗವೂ ಹೆಚ್ಚು. ಹೀಗಾಗಿ ನಮ್ಮಲ್ಲಿ ಸೆಳೆತ ಅಲ್ಲಿಗಿಂತ ಶೇಕಡಾ ಕಾಲು ಭಾಗದಷ್ಟು ಕಡಿಮೆ. ನಮಗದು ಗೊತ್ತೇ ಆಗದು. ಗಡಿಯಾರ ಮಾತ್ರ ದಿನಕ್ಕೆ ಸುಮಾರು ಎರಡು ನಿಮಿಷ ಹಿಂದೆ ಬೀಳುತ್ತದೆ.

ಇದನ್ನು 1672ರಲ್ಲೇ ಫ್ರಾನ್ಸಿನ ಖಗೋಳಜ್ಞ ಜ್ಯಾಂ ರಿಶೆ ಕಂಡಿದ್ದ. ದಕ್ಷಿಣ ಅಮೆರಿಕದ ಕಯೆನ್‌ನಲ್ಲಿ ಅವನ ಗಡಿಯಾರ ದಿನಕ್ಕೆ ಎರಡೂವರೆ ನಿಮಿಷ ತಡವಾಗತೊಡಗಿತು. ಭೂಮಿ ಧ್ರುವಗಳಲ್ಲಿ ಚಪ್ಪಟೆಯಾಗಿದೆ ಎಂದು ವಾದಿಸಲು ನ್ಯೂಟನ್ ಇದನ್ನು ಪುರಾವೆಯಾಗಿ ಬಳಸಿಕೊಂಡ.

ಇನ್ನು ನಮ್ಮ ಕಡೆಯ ಬಿಸಿಲು. ಲೋಲಕದ ಸರಳು ಹಿತ್ತಾಳೆಯದಾದರೆ, ತಾಪ 20 ಡಿಗ್ರಿ ಏರಿದಾಗ ಅದು ಹಿಗ್ಗಿ ದಿನಕ್ಕೆ ಇನ್ನೂ ಸುಮಾರು 16 ಸೆಕೆಂಡ್ ತಡ.

ರಿಪೇರಿ ಸುಲಭ. ಅನೇಕ ಗಡಿಯಾರಗಳಲ್ಲಿ 12ರ ಅಂಕಿಯ ಮೇಲ್ಗಡೆ ಒಂದು ಸಣ್ಣ ತೂತು ಇರುತ್ತದೆ; ಅದರಲ್ಲಿ ಕೀಲಿ ತಿರುವಿದರೆ ಲೋಲಕ ಗಿಡ್ಡವಾಗುತ್ತದೆ. ಮುಕ್ಕಾಲು ಮಿಲಿಮೀಟರಿಗಿಂತ ತುಸು ಕಡಿಮೆ ಮಾಡಿದರೆ ಸಾಕು, ಕೊಟ್ಟೂರಿನ ನೆಲಕ್ಕೆ ಅದು ಒಗ್ಗುತ್ತದೆ.

ಆಮೇಲೂ ಸೂರ್ಯನೊಂದಿಗೆ ತಕರಾರು ಉಳಿಯುತ್ತದೆ. 1906ರಿಂದ ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು. ಈ ಐದು ಊರುಗಳು 76ರ ಅಕ್ಕಪಕ್ಕದಲ್ಲಿವೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿನ ಮಧ್ಯಾಹ್ನ ಸರಾಸರಿ 24ರಿಂದ 26 ನಿಮಿಷ ತಡ. ನೀರಿನಲ್ಲಿ ಮುಳುಗುವ ಗಳಿಗೆ ಬಟ್ಟಲಿಟ್ಟು ಮುಹೂರ್ತ ನೋಡುತ್ತಿದ್ದ ಹಿರಿಯರ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಒಂದು ಗಳಿಗೆ. ಈ ವ್ಯತ್ಯಾಸ ಕಂಡು ಲೋಲಕಕ್ಕೆ ಕೈ ಹಾಕಬೇಡಿ; ಅಲ್ಲಿ ಗಡಿಯಾರದ ತಪ್ಪೇನೂ ಇಲ್ಲ.