ಬಿಸಿನೀರಿಗೆ ಮಣಿಯುವ ಪ್ಲಾಸ್ಟಿಕ್

ಭೋಸರಿಯ ಎಂಐಡಿಸಿ ಒಳರಸ್ತೆಗಳಲ್ಲಿ ಸುತ್ತಿದರೆ ಎಷ್ಟೋ ಶೆಡ್ಡುಗಳಲ್ಲಿ ಮೋಲ್ಡಿಂಗ್ ಯಂತ್ರಗಳು ಕಾಣುತ್ತವೆ. ಇಲ್ಲಿನವರು ‘ದಾಣಾ’ ಎನ್ನುವ ಪ್ಲಾಸ್ಟಿಕ್ ಕಾಳನ್ನು 200 ಡಿಗ್ರಿ ಆಸುಪಾಸಿನಲ್ಲಿ ಕರಗಿಸಿ ಉಕ್ಕಿನ ಅಚ್ಚಿಗೆ ತುಂಬುತ್ತಾರೆ. ಒಂದು ಅಚ್ಚಿಗೇ ಲಕ್ಷಗಟ್ಟಲೆ ಖರ್ಚು. ಒಂದೇ ಥರದ ವಸ್ತು ಸಾವಿರಾರು ಬೇಕಾದಾಗ ಇದು ಸರಿ. ಒಂದೇ ಒಂದು, ಅದೂ ಒಬ್ಬರ ಕೈಗೆ ಮಾತ್ರ ಹೊಂದುವಂಥದ್ದು ಬೇಕಾದರೆ?

ನಮ್ಮ ಮನೆಗೆ ಬೇಕಾಗಿದ್ದುದು ಅಂಥದ್ದೇ. ವಿಜಯಪುರದಿಂದ ನಮ್ಮಲ್ಲಿಗೆ ಬಂದಿರುವ ಅವ್ವನಿಗೆ ಪಾರ್ಶ್ವವಾಯುವಿನ ನಂತರ ಬಲಗೈ ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಸ್ಟೀಲ್ ಚಮಚ ಜಾರುತ್ತಿತ್ತು. ಉಣಿಸಲು ಹೋದರೆ ‘ನಾನೇನು ಕೂಸೇನು?’ ಎಂದು ಮುಖ ತಿರುಗಿಸುತ್ತಿದ್ದಳು. ಹಿಡಿಕೆ ದಪ್ಪ ಮಾಡಿ ಎಂದರು ಫಿಸಿಯೋಥೆರಪಿಯವರು.

ಆಗ ತರಿಸಿದ್ದು ಪಾಲಿಕ್ಯಾಪ್ರೊಲ್ಯಾಕ್ಟೋನ್. ಚಿಕ್ಕದಾಗಿ ಪಿಸಿಎಲ್. ಪಾಲಿಮಾರ್ಫ್, ಇನ್‌ಸ್ಟಾಮಾರ್ಫ್ ಎಂಬ ಹೆಸರುಗಳಲ್ಲಿ ಸಿಗುವುದು ಇದೇ. ನೋಡಲು ಸಾಬೂದಾನಿಯಂಥ ಬಿಳಿ ಕಾಳು. ಕರಗುವುದು ಸುಮಾರು 60 ಡಿಗ್ರಿಗೆ, ಅಂದರೆ ನೀರು ಕುದಿಯುವವರೆಗೂ ಕಾಯಬೇಕಿಲ್ಲ. ಬಿಳುಪು ಹೋಗಿ ಗಾಜಿನಂತಾದರೆ ಹದ ಬಂತೆಂದು ಅರ್ಥ. ಚಮಚದಲ್ಲಿ ತೆಗೆದು, ನೀರು ಕೊಡವಿ, ಕಣಕದಂತೆ ನಾದಬೇಕು. ಮಡಿಕೆಯೊಳಗೆ ಬಿಸಿನೀರು ಉಳಿದರೆ ಕೈ ಸುಡುತ್ತದೆ, ಎಚ್ಚರ. ತಣ್ಣಗಾಗುತ್ತಾ ಮತ್ತೆ ಬೆಳ್ಳಗಾಗಿ ನೈಲಾನ್‌ನಂತೆ ಗಟ್ಟಿಯಾಗುತ್ತದೆ. ಕೊರೆಯಬಹುದು, ಕೊಯ್ಯಬಹುದು, ಸ್ಕ್ರೂ ಕೂರಿಸಬಹುದು.

ನುಣುಪಾದ ಸ್ಟೀಲಿಗೆ ಇದು ಗಟ್ಟಿಯಾಗಿ ಅಂಟದು. ಅದಕ್ಕೇ ಹಿಡಿಕೆಗೆ ಮೊದಲು ದಾರ ಬಿಗಿದು, ಮೇಲೆ ಪಿಸಿಎಲ್ ಸುತ್ತಿದೆವು. ಪಾರ್ಶ್ವವಾಯು ಆದ ಕೈಗೆ ಬಿಸಿ ಗೊತ್ತಾಗದೇ ಇರಬಹುದು. ನಮ್ಮ ಮುಂಗೈಗೆ ತಾಗಿಸಿ ನೋಡಿ, ಸಾಕಷ್ಟು ಆರಿದ ಮೇಲೆಯೇ ಅವ್ವನ ಮುಷ್ಟಿಗೆ ಕೊಟ್ಟೆವು. 60 ಡಿಗ್ರಿಗಿಂತ ಕೆಳಗಿಳಿದ ಮೇಲೂ ಅದು ಕೆಲ ನಿಮಿಷ ಮೆತ್ತಗೇ ಇರುತ್ತದೆ. ಐದೂ ಬೆರಳಿನ ಗುರುತು ಮೂಡಿತು. ಅಂದು ಉಪ್ಪಿಟ್ಟನ್ನು ತಾನೇ ತಿಂದಳು, ಅರ್ಧ ನೆಲಕ್ಕೆ ಬಿತ್ತೆನ್ನಿ. ಬೆರಳು ಸುಧಾರಿಸಿದಂತೆ ಅದೇ ಹಿಡಿಕೆಯನ್ನು ಕರಗಿಸಿ ಎರಡು ಸಲ ತೆಳ್ಳಗೆ ಮಾಡಿದ್ದೇವೆ. ಸಾಫ್ಟ್‌ವೇರ್‌ನವರ ಲೆಕ್ಕದಲ್ಲಿ ಈಗಿನದು ಮೂರನೇ ವರ್ಷನ್.

ಈ ಗುಣ ನಮ್ಮವರಿಗೆ ಹೊಸದೇನಲ್ಲ. ಚನ್ನಪಟ್ಟಣದಲ್ಲಿ ತಿರುಗುವ ಮರದ ಗೊಂಬೆಗೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಬಣ್ಣ ಕೂರುತ್ತದೆ. ಸಡಿಲಾದ ಚಾಕುವಿನ ಹಿಡಿಕೆಗೂ ಅರಗು ಕಾಯಿಸಿ ತುಂಬುತ್ತಿದ್ದರು. ಆದರೆ ಅರಗು ಬಿದ್ದರೆ ಒಡೆಯುತ್ತದೆ, ಪಿಸಿಎಲ್ ಬಾಗುತ್ತದೆ. ಆಸ್ಪತ್ರೆಗಳಲ್ಲಿ ಕೈಗೆ ಕಟ್ಟುವ ಸ್ಪ್ಲಿಂಟ್, ಕ್ಯಾನ್ಸರಿನ ವಿಕಿರಣ ಚಿಕಿತ್ಸೆಯಲ್ಲಿ ತಲೆ ಅಲುಗದಂತೆ ಹಾಕುವ ಜಾಳಿಗೆ ಮುಖವಾಡ ಹೆಚ್ಚಾಗಿ ಇದೇ ಜಾತಿಯ ಹಾಳೆಗಳಿಂದ ಆಗುವಂಥವು.

ಮಾದರಿ ಮಾಡುವವರಿಗೆ ಇನ್ನೊಂದು ಉಪಾಯ. ಮಗಳ ಆಟಿಕೆ ಬಸ್ಸಿನ ಒಂದು ಚಕ್ರ ಕಳೆದಿತ್ತು. ಉಳಿದ ಚಕ್ರಕ್ಕೆ ಎಣ್ಣೆ ಸವರಿ ಮೆತ್ತಗಿನ ಪಿಸಿಎಲ್‌ಗೆ ಒತ್ತಿದರೆ ಅಚ್ಚು ಸಿದ್ಧ. ಅದರಲ್ಲಿ ಎಪಾಕ್ಸಿ ಪುಟ್ಟಿ ತುಂಬಿದರೆ ಹೊಸ ಚಕ್ರ. ಎಣ್ಣೆ ಮರೆಯಬೇಡಿ, ಬೇರೆ ಪ್ಲಾಸ್ಟಿಕ್‌ಗೆ ಇದು ಬಿಸಿಯಲ್ಲಿ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ.

ಕಿಲೋ ಲೆಕ್ಕದಲ್ಲಿ ಸಾಮಾನ್ಯ ದಾಣಾಕ್ಕಿಂತ ಬಹಳ ತುಟ್ಟಿ. ಆದರೆ ಹಿಡಿಕೆಯೊಂದಕ್ಕೆ ಒಂದು ಹಿಡಿ ಕಾಳು ಸಾಕು. ಬಿಸಿಯಿಂದ ಹುಟ್ಟಿದ್ದು ಬಿಸಿಗೇ ಹೋಗುತ್ತದೆ: ಅವ್ವನ ಚಮಚವನ್ನು ತಣ್ಣೀರಲ್ಲೇ ತೊಳೆಯಬೇಕು, ಮೇ ತಿಂಗಳ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬಾರದು. ಕುಕ್ಕರ್ ಹಿಡಿಕೆ ಮುರಿದರೆ ಮಾತ್ರ ಪಾತ್ರೆ ಅಂಗಡಿಗೇ ಹೋಗಿ.